ಸೆರಗಿನ ಗವಿ

ಬಿಳಿಗುಂಡಿಯ ಸುಣ್ಣಗಲ್ಲಿನ ಗುಡ್ಡದಲ್ಲಿ ಒಂದು ಗವಿಯಿದೆ. ಬಾಗಿ ಒಳಹೊಕ್ಕು ಹದಿನೆಂಟು ಮೆಟ್ಟಿಲು ಇಳಿದರೆ ಪಾದ ಮುಳುಗುವಷ್ಟು ನೀರಿನ ಹೊಂಡ ಸಿಗುತ್ತದೆ. ಅದರಲ್ಲಿ ಉಗುರಿನಷ್ಟುದ್ದದ, ಬಣ್ಣವಿಲ್ಲದ, ಕಣ್ಣೂ ಇಲ್ಲದ ಸಿಗಡಿಗಳಿವೆ ಎನ್ನುತ್ತಾರೆ. ಬೇರೆಲ್ಲೂ ಅವನ್ನು ಕಂಡವರಿಲ್ಲ. ಬಾಗಿಲಲ್ಲಿ ನೆಟ್ಟಿರುವ ಸರ್ಕಾರಿ ಫಲಕದಲ್ಲಿ ‘ಅಳಿವಿನಂಚಿನ ಜೀವಿ’ ಎಂದು ಬರೆದಿದೆ. ಗವಿಗೆ ಸೆರಗಿನ ಹೆಸರೇಕೆ ಬಂತೆಂದು ಬರೆದಿಲ್ಲ. ಕೇಳುವ ವ್ಯವಧಾನ ಬರೆದವರಿಗೆ ಇರಲಿಲ್ಲವೆಂದು ಕಾಣುತ್ತದೆ.

ಹಿಂದೆ ಒಮ್ಮೆ ಇಲ್ಲಿ ಸುಣ್ಣ ಸುಡುವವರ ಹನ್ನೆರಡು ಮನೆಗಳಿದ್ದವಂತೆ. ಊರಿಗೆಲ್ಲ ಕುಡಿಯಲು ಈ ಹೊಂಡವೊಂದೇ. ಸಿಗಡಿ ಆಡುವ ತನಕ ನೀರು ಒಳ್ಳೆಯದೆಂದು ಹೆಂಗಸರು ನಂಬಿದ್ದರು. ಒಂದು ವರ್ಷ ವಾಂತಿಬೇನೆ ಬಂದು ಎಂಟು ದಿನದಲ್ಲಿ ಒಂಬತ್ತು ಹೆಣ ಬಿದ್ದವು. ಊರ ಹಿರಿಯ ಭರಮಪ್ಪನ ಮೊಮ್ಮಗಳೂ ಹೋದಳು. ಸುಣ್ಣದವರಿಗೆ ಎಲ್ಲಕ್ಕೂ ಸುಣ್ಣವೇ ಮದ್ದು: ಗೋಡೆಗೂ ಅದೇ, ಬಾವಿಗೂ ಅದೇ, ಹೆಣ ಹೂಳುವ ಗುಂಡಿಗೂ ಅದೇ. ದುಃಖದಲ್ಲಿ ಮತಿಗೆಟ್ಟ ಮುದುಕ ಯಾರನ್ನೂ ಕೇಳದೆ, ಭಟ್ಟಿಯಿಂದ ಆಗತಾನೇ ತೆಗೆದ ಮೂರು ಬುಟ್ಟಿ ಸುಣ್ಣವನ್ನು ಹೊಂಡದ ಅಂಚಿನ ನೀರಿಗೆ ಸುರಿದುಬಿಟ್ಟ. ನೀರು ಕೊತಕೊತ ಕುದಿಯಿತು. ಕೊಡ ಹಿಡಿದು ಬಂದ ಸೊಸೆ ನೀಲವ್ವ, ಸತ್ತ ಕೂಸಿನ ತಾಯಿ, ತೇಲುತ್ತಿದ್ದ ಸಿಗಡಿಗಳನ್ನು ಕಂಡು ಚೀರಿದಳು.

“ಮಾವಾ, ಏನ್ ಮಾಡಿದ್ರಿ ಇದು?”

“ನೀರು ಶುದ್ಧಾಗ್ಲಿ ಅಂತ ಹಾಕೀನವ್ವಾ.”

“ಕೂಸು ಹೋತು. ಇವೂ ಹೋದ್ರ ನಮಗೇನು ಉಳೀತು?”

ಹೊಂಡದ ಆಚೆ ಮೂಲೆಯಲ್ಲಿ ಕೆಲವು ಇನ್ನೂ ಒದ್ದಾಡುತ್ತಿದ್ದವು. ನೀಲವ್ವ ನೀರಿಗಿಳಿದು ಅವನ್ನು ಸೆರಗಿನಲ್ಲಿ ಬಾಚಿಕೊಂಡಳು. ಬಂಡೆಯ ಸೀಳಿನಾಚೆ, ಮೇಲಿಂದ ನೀರು ಜಿನುಗುವ ಸಣ್ಣ ಗುಂಡಿಯೊಂದಿತ್ತು. ಗಂಡಸರ ಭುಜ ಹಿಡಿಯದ ಸೀಳು ಅದು. ಅವಳು ಏಳು ಸಲ ತೆವಳಿ ಹೋಗಿ ಬಂದಳು. ಸುಣ್ಣದ ನೀರು ಕೈ ಸುಟ್ಟಿತು, ಕಣ್ಣಿಗೂ ಸಿಡಿಯಿತು. ಭರಮಪ್ಪ ಸೀಳಿನ ಹೊರಗೆ ಹಣೆ ಚಚ್ಚಿಕೊಂಡು ಅಳುತ್ತಿದ್ದ. ಎಂಟನೆಯ ಸಲಕ್ಕೆ ಹೊಂಡದಲ್ಲಿ ಮಿಸುಕುವುದೇನೂ ಉಳಿದಿರಲಿಲ್ಲ.

“ಎಷ್ಟು ಉಳದಾವವ್ವಾ?” ಎಂದ.

“ನನಗೇನೂ ಕಾಣವಲ್ದು ಮಾವಾ. ಕಡೀಕ ಅಂಗೈಯಾಗ ಎರಡು ಮಿಸುಕಿದ್ವು.”

ಅವಳಿಗೆ ದೃಷ್ಟಿ ಮರಳಲಿಲ್ಲ. ಬೇನೆ ನಿಂತಿತೋ ಇಲ್ಲವೋ, ಕಥೆ ಹೇಳುವವರು ಅದನ್ನು ಹೇಳುವುದಿಲ್ಲ. ಎಷ್ಟೋ ಮಳೆಗಾಲ ಕಳೆದು ಹೊಂಡ ತಿಳಿಯಾದಾಗ ಸಿಗಡಿಗಳು ಸೀಳಿನಿಂದ ಇಳಿದು ಬಂದವಂತೆ. ಅಂದಿನಿಂದ ಇಲ್ಲಿ ನೀರನ್ನು ಸೆರಗಿನಲ್ಲಿ ಸೋಸಿಯೇ ತುಂಬುತ್ತಾರೆ. ತುಂಬಿದ ಮೇಲೆ ಸೆರಗನ್ನು ಮೂರು ಸಲ ಹೊಂಡಕ್ಕೇ ಝಾಡಿಸುತ್ತಾರೆ.

ಈಗ ಊರಿಗೆ ನಲ್ಲಿ ಬಂದಿದೆ, ಗುಡ್ಡದ ಬೆನ್ನಿಗೆ ಕಲ್ಲು ಕ್ವಾರಿ ಬಂದಿದೆ. ಪ್ರತಿ ಸಿಡಿತಕ್ಕೂ ಗವಿ ನಡುಗುತ್ತದೆ, ನೀರು ವರ್ಷವರ್ಷ ಇಳಿಯುತ್ತಿದೆ. ಕಳೆದ ಶ್ರಾವಣದಲ್ಲಿ ನಾನು ಗವಿಗಿಳಿದು, ಬ್ಯಾಟರಿ ಹಿಡಿದು ಮಧ್ಯಾಹ್ನದವರೆಗೆ ಸಿಗಡಿ ಹುಡುಕಿದೆ. ಒಂದೂ ಕಾಣಲಿಲ್ಲ. ನನಗೆ ಅಳು ಬಂತು. ದೇವರ ಪೂಜೆಗೆಂದು ನೀರು ತುಂಬಲು ಬಂದಿದ್ದ ಮುದುಕಿ ಗಿರಿಜವ್ವ ತನ್ನ ಬರಿಯ ಸೆರಗನ್ನು ಮೂರು ಸಲ ಝಾಡಿಸಿದಳು.

“ಸೆರಗಿನಾಗ ಏನೂ ಇಲ್ಲಲ್ಲವ್ವಾ,” ಎಂದೆ.

“ಒಂದರೆ ಇದ್ರ?” ಎಂದವಳೇ ಬಗ್ಗಿ, ಇನ್ನೊಮ್ಮೆ ಝಾಡಿಸಿದಳು.