ಹುಂಜದ ಮನಶ್ಶಾಸ್ತ್ರ

ಕಾಲೇಜಿನ ಕಿಟಕಿಯಡಿ ಮೇಯುತ್ತಾ ಮನಶ್ಶಾಸ್ತ್ರದ ಮೊದಲ ನಾಲ್ಕು ಪಾಠ ಕೇಳಿಸಿಕೊಂಡ ಹುಂಜಕ್ಕೆ ಏನಾಯಿತು, ಹೇಳಿ ನೋಡೋಣ? ಪಂಡಿತನಾಯಿತು ಅಂದಿರಾ? ಭೇಷ್, ಒಂದೇ ವಾರದಲ್ಲಿ ಆಯಿತು! ಬಾತುಕೋಳಿಗೆ ಕೀಳರಿಮೆ ಎಂದಿತು, ಬೆಕ್ಕಿಗೆ ತಾಯಿಯ ಪ್ರೀತಿ ಸಾಲದು ಎಂದಿತು. ಯಾರೂ ಕೇಳಿರಲಿಲ್ಲ ಬಿಡಿ.

ಒಂದು ಬೆಳಿಗ್ಗೆ ಒಡತಿ ನಿಂಗಾಜಮ್ಮ ಎಂದಿನಂತೆ ಕಾಳಿನ ಡಬ್ಬ ಬಡಿದು ಕರೆದಳು. ಹುಂಜ ಹೊರಟಿತು. ಮುದಿ ಹೇಂಟೆ ಅಡ್ಡ ನಿಂತಿತು.

"ಇವತ್ತು ಹೋಗಬೇಡವೋ. ಒಳಗೆ ಬೆಳ್ಳುಳ್ಳಿ ಮಸಾಲೆ ಅರೆಯುತ್ತಿದ್ದಾರೆ, ಹಿತ್ತಿಲಲ್ಲಿ ಕತ್ತಿ ಮಸೆಯುತ್ತಿದ್ದಾರೆ."

"ಅಜ್ಜಿ, ಡಬ್ಬದ ಸದ್ದು ಪ್ರಚೋದನೆ, ಕಾಳು ಪ್ರತಿಫಲ. ಮುನ್ನೂರು ಸಲ ರುಜುವಾತಾಗಿದೆ. ನಿನ್ನದು ಬರೀ ಆತಂಕದ ಕಾಯಿಲೆ. ಅದರ ಬೇರು ನಿನ್ನ ಬಾಲ್ಯದಲ್ಲಿದೆ."

"ಬಾಲ್ಯದಲ್ಲಿ ನಾವು ಹನ್ನೆರಡು ಮಂದಿ ಒಡಹುಟ್ಟಿದವರಿದ್ದೆವು ಕಣೋ, ಪಂಡಿತ! ಈಗ ಎಷ್ಟಿದ್ದೇವೆ, ಎಣಿಸು."

"ನೋಡಿದೆಯಾ? ಬಾಲ್ಯವೇ ಕಾರಣ ಅಂತ ನೀನೇ ಒಪ್ಪಿಕೊಂಡೆ!" ಎಂದು ಹುಂಜ ಕೊರಳೆತ್ತಿ ನಕ್ಕು, ಡಬ್ಬದ ಬಳಿಗೆ ನಡೆಯಿತು.

ಸುಳ್ಳು ಹೇಳಬಾರದು, ಕಾಳು ಸಿಕ್ಕಿತು. ನಾಲ್ಕೇ ಕಾಳು. ಅಂದು ಯುಗಾದಿಯ ಮರುದಿನ, ಮನೆಮನೆಯಲ್ಲೂ ಬಾಡೂಟ ಬೇಯುವ ಹೊಸತೊಡಕು.