ಹುಳ ಸುರಿದ ತಿರುವು

ಹಾಲುಕುಪ್ಪೆಯಿಂದ ಹೊರಟ ದಾರಿ ಕೆರೆ ಏರಿ ಹತ್ತಿ ಬಂಡೆಯ ಪಕ್ಕಕ್ಕೆ ಹೊರಳುತ್ತದಲ್ಲ, ಎರಡು ಕಡೆಯೂ ಹುಣಿಸೆಮರ, ಅದೇ ಹುಳ ಸುರಿದ ತಿರುವು. ನೋಡಲು ಬಂದವರು ಮೂಗು ಮುರಿಯುತ್ತಾರೆ, ಇಷ್ಟು ಚೆಂದದ ಜಾಗಕ್ಕೆ ಇದೆಂಥ ಹೆಸರು ಅಂತ. ಹೋದ ವರ್ಷ ಪೇಟೆಯವರೊಬ್ಬರು ಹಳೇ ಚಿತ್ರದ ನಕಲು ಹಿಡಿದು ಬಂದಿದ್ದರು. ನೂರೈವತ್ತು ವರ್ಷದ ಕೆಳಗೆ ಒಬ್ಬ ಬಿಳಿ ದೊರೆ ಬರೆದದ್ದಂತೆ. ಇದೇ ಮರ, ಇದೇ ಬಂಡೆ, ದಾರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. “ಎಷ್ಟು ಶಾಂತವಾಗಿದೆ ನೋಡಿ ಅಜ್ಜಿ” ಅಂದರು. ನನಗೆ ಮೈಯೆಲ್ಲ ಉರಿಯಿತು. ಶಾಂತವಂತೆ!

ಆ ದೊರೆಯ ಕಾಲಕ್ಕೆ ನಮ್ಮೂರಲ್ಲಿ ಮನೆಮನೆಯಲ್ಲೂ ರೇಷ್ಮೆಹುಳ ಸಾಕುತ್ತಿದ್ದರು. ಹುಳ ಏರಿಯ ಈಚೆ, ಹಿಪ್ಪುನೇರಳೆ ತೋಟ ಆಚೆ, ನಡುವೆ ಇದೊಂದೇ ದಾರಿ. ಬೆಳ್ಳಾಜಮ್ಮ ಎಂಬ ಗಂಡ ಸತ್ತ ಹೆಂಗಸು ಹುಳದ ಮೊಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು, ಮೈಬಿಸಿಯಲ್ಲೇ ಮರಿ ಮಾಡಿಸಿದ್ದಳು ಎನ್ನುತ್ತಾರೆ. ಅವಳ ವರ್ಷದ ಅನ್ನವೆಲ್ಲ ಆ ಹುಳದ ತಟ್ಟೆಗಳಲ್ಲೇ ಇತ್ತು. ಹುಳ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ ಗೂಡು ಕಟ್ಟುವ ತನಕ ಹೊತ್ತುಹೊತ್ತಿಗೂ ಸೊಪ್ಪು ಬೇಕು. ಮೇಯುವ ಸದ್ದು ಸೋನೆಮಳೆಯ ಹಾಗೆ ಮನೆ ತುಂಬುತ್ತದೆ. ಸರಿಯಾಗಿ ಆ ದಿನಗಳಲ್ಲೇ ದೊರೆ ಬಂದು ಏರಿಯ ಮೇಲೆ ಕೊಡೆ ನೆಟ್ಟು ಕೂತ. ದಾರಿ ಖಾಲಿ ಇರಲಿ ಅಂದನಂತೆ. ಅವನು ಅಂದದ್ದು ಒಂದು ಮಾತು. ಕಂದಾಯದ ಶೇಕದಾರ ವೀರರಾಜಯ್ಯ, ಅವನ ಹೊಟ್ಟೆ ಸೇದಿಹೋಗ, ಎರಡು ತುದಿಗೂ ಮುಳ್ಳು ಹಾಕಿಸಿ ಜವಾನರನ್ನು ನಿಲ್ಲಿಸಿಬಿಟ್ಟ. ಮೂರು ದಿನ!

ಬೆಳ್ಳಾಜಮ್ಮ ಖಾಲಿ ಮಂಕರಿ ಹಿಡಿದು ಕೈಮುಗಿದಳು. “ಅಯ್ಯಾ, ಆ ಮರ ನಾಳೆಗೂ ಇರ್ತದೆ. ನನ್ ಹುಳ ಇರಕ್ಕಿಲ್ಲ. ಒಂದೇ ಹೊರೆ ಸೊಪ್ಪು ತತ್ತೀನಿ, ಬುಡಿ.”

“ಹುಳಾನೂ ಒಂದ್ಸಲ ಏಕಾದಶಿ ಮಾಡ್ಲಿ ಹೋಗಮ್ಮಿ, ಪುಣ್ಯ ಬತ್ತದೆ” ಎಂದು ಶೇಕದಾರ ಹಲ್ಲು ಕಿರಿದ. ಜವಾನರೂ ನಕ್ಕರು. ಬೇರೆ ಮನೆಗಳ ಹುಳ ಆಗಲೇ ಗೂಡು ಕಟ್ಟಿದ್ದವು, ಇವಳದು ತಡವಾಗಿ ಎದ್ದ ಹುಳ. ಹಾಗಾಗಿ ಊರವರು ನಮಗ್ಯಾಕೆ ಅಂತ ಬಾಯಿ ಹೊಲಿದುಕೊಂಡು ಕೂತರು. ನಮ್ಮ ಮನೆತನದ ಹಿರೀಕರೂ ಕೂತಿದ್ದರು, ಸುಳ್ಳೇಕೆ ಹೇಳಲಿ. ಎರಡನೇ ಸಂಜೆಗೆ ಅವಳ ಮನೆಯಲ್ಲಿ ಮೇಯುವ ಸದ್ದು ನಿಂತಿತು.

ಮೂರನೇ ಬೆಳಿಗ್ಗೆ ಅವಳು ಕಪ್ಪಗಾದ ಹುಳಗಳನ್ನು ಮಂಕರಿಗೆ ತುಂಬಿ, ಮುಳ್ಳು ತುಳಿದುಕೊಂಡೇ ಒಳಗೆ ನುಗ್ಗಿದಳು. ಕಾಲೆಲ್ಲ ರಕ್ತ. ದೊರೆಯ ಮುಂದೆ, ನಡುದಾರಿಯಲ್ಲಿ ಅಷ್ಟನ್ನೂ ಸುರಿದಳು. “ನಿನ್ ದಾರಿ ಸುಮ್ಕಿರ್ಬೇಕು ಅಂತ ನನ್ ಮನೆ ಸುಮ್ಕಾಯ್ತಲ್ಲೋ! ಇದ್ನೂ ಬರಿ!” ಅಂದಳು. ದೊರೆ ಮೂಗಿಗೆ ಬಟ್ಟೆ ಹಿಡಿದು ಸಾಮಾನು ಕಟ್ಟಿಸಿದ. ಹುಳವನ್ನು ಅವನು ಬರೆಯಲಿಲ್ಲ.

ಊರ ಹೆಂಗಸರಿಗೆ ಆಗ ನಾಚಿಕೆಯಾಯಿತು. ಮಂಕರಿ ಹೊತ್ತು ಒಬ್ಬೊಬ್ಬರೇ ಹೊರಗೆ ಬಂದು, ಮುಳ್ಳು ಕಿತ್ತೆಸೆದು, ಶೇಕದಾರನ ಕುದುರೆಗೂ ಜಾಗ ಬಿಡದೆ ನಡುದಾರಿಯಲ್ಲೇ ನಡೆದರಂತೆ. ಈಗಲೂ ಬಂದು ನೋಡಿ. ಆ ತಿರುವಿನಲ್ಲಿ ಹೊರೆ ಹೊತ್ತ ಹೆಂಗಸು ಪಕ್ಕಕ್ಕೆ ಸರಿಯುವುದಿಲ್ಲ. ಬಸ್ಸು ಎಷ್ಟು ಬೇಕಾದರೂ ಹಾರನ್ ಹೊಡೆಯಲಿ, ಬಂಡೆ ದಾಟುವ ತನಕ ಅವಳ ಹಿಂದೆಯೇ ಬರಬೇಕು.