ಕಂಚಿನವಳ ಮಂಡಿ

ಇಂಗ್ಲೆಂಡಿನ ಒಂದು ಹಳ್ಳಿಯಾಚೆ, ಹುಲ್ಲುಗುಡ್ಡದ ಮೇಲೆ, ಶಿಲ್ಪಿಯೊಬ್ಬ ಮಾಡಿಟ್ಟ ಕಂಚಿನ ಹೆಂಗಸು ಕೂತಿದ್ದಳು. ಟಿಕೆಟ್ಟಿಲ್ಲ, ಬೇಲಿಯಿಲ್ಲ, ಯಾರು ಬೇಕಾದರೂ ಬಂದು ನೋಡಬಹುದಿತ್ತು. ಅಲ್ಲೇ ಮೇಯುವ ಮುದಿ ಕುರಿಯೊಂದು ದಿನಾ ಬೆಳಿಗ್ಗೆ ಅವಳ ಮಂಡಿಗೆ ಬೆನ್ನು ಉಜ್ಜಿ, ನವೆ ತೀರಿಸಿಕೊಂಡು, ಹಾಯಾಗಿ ಮೇಯಲು ಹೋಗುತ್ತಿತ್ತು.

ಬಂದುಹೋಗುವವರನ್ನು ನೋಡಿ ನೋಡಿ ತಾನೂ ರಸಿಕನಾಗಿಬಿಟ್ಟಿದ್ದ ಕಾಗೆಯೊಂದು ಒಂದು ದಿನ ಕುರಿಯನ್ನು ತಡೆಯಿತು. "ಇದು ಕಲೆ. ಹತ್ತು ಹೆಜ್ಜೆ ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು."

"ನನಗೆ ಕೈ ಎಲ್ಲಿದೆ ಮಹರಾಯ? ಇರುವುದು ಬೆನ್ನು, ಅದು ತುರಿಸುತ್ತದೆ," ಎಂದಿತು ಕುರಿ. ಆದರೂ ಅದಕ್ಕೆ ನಾಚಿಕೆಯಾಯಿತು. ಅಂದಿನಿಂದ ಹತ್ತು ಹೆಜ್ಜೆ ಆಚೆಯೇ ನಿಂತು, ನವೆ ತಡೆದುಕೊಂಡು, ಮರ್ಯಾದೆಯಾಗಿ ನೋಡತೊಡಗಿತು. ಏನನ್ನು ನೋಡಬೇಕೆಂದು ಮಾತ್ರ ಗೊತ್ತಾಗಲಿಲ್ಲ.

ಚಳಿಗಾಲ ಕಳೆದ ಮೇಲೆ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಕಂಚಿನ ಹೆಂಗಸಿನ ಸುತ್ತ ಎರಡು ಸಲ ಸುತ್ತಿ, "ಇವಳ ಮಂಡಿ ಬಂಗಾರದ ಹಾಗೆ ಹೊಳೆಯುತ್ತಿತ್ತು ಮಗಳೇ. ಅದನ್ನು ತೋರಿಸಬೇಕು ಅಂತಲೇ ಗುಡ್ಡ ಹತ್ತಿಸಿದೆ. ಶಿಲ್ಪಿ ಏನು ಹಚ್ಚಿದ್ದನೋ, ಎಲ್ಲ ಮಾಸಿಹೋಗಿದೆ," ಎಂದು ಪೇಚಾಡಿ ಇಳಿದು ಹೋದಳು.

ಕೇಳುತ್ತಿದ್ದ ಕುರಿಯ ಬಾಯಲ್ಲಿ ಹುಲ್ಲು ಹಾಗೇ ನಿಂತಿತು. ಕಾಗೆ ಬೇರೆ ಕಡೆ ನೋಡಿತು.

ಆವರೆಗೆ ಯಾರೊಡನೆಯೂ ಮಾತಾಡದ ಕಂಚಿನ ಹೆಂಗಸು ಮೆಲ್ಲಗೆ ಹೇಳಿದಳು: "ಕಾಗೆರಾಯ, ನೀನು ಹತ್ತು ಹೆಜ್ಜೆ ಆಚೆ ಹೋಗು. ಕುರಿಯಮ್ಮ, ನೀನು ಹತ್ತಿರ ಬಾ. ಇಡೀ ಚಳಿಗಾಲ ನನ್ನ ಮಂಡಿಯೂ ತುರಿಸುತ್ತಿತ್ತು."